ಹೆಬ್ಬಾಗಿಲ ಮಾತನ್ನು ಒಳಮನೆ ನಂಬಲಿ

ಹಡಗು ಬುಕಿಂಗ್ ಕಚೇರಿಯ ಮುಖ್ಯಾಧಿಕಾರಿಗಳೇ,

ಹಡಗು ಗುರುವಾರ, ಮದುವೆ ಶನಿವಾರ, ನನ್ನ ಹಂದಿಗೆ ಮಾತ್ರ ನಿಮ್ಮ ಹೊಸ ವ್ಯವಸ್ಥೆಯಲ್ಲಿ ಜಾಗ ಸಿಗುತ್ತಿಲ್ಲ. ರಾಜಧಾನಿ ಸುವಾದಲ್ಲಿ ನನ್ನ ತಂಗಿಯ ಮಗಳು ಮೆರೆಸೈನಿಯ ಮದುವೆ. ಕೋರೋ ದ್ವೀಪದಿಂದ ಸೋದರಮಾವ ಉಡುಗೊರೆಯ ಹಂದಿಯಿಲ್ಲದೆ ಬರಿಗೈಯಲ್ಲಿ ಹೋದರೆ ಬೀಗರು ಏನೂ ಅನ್ನುವುದಿಲ್ಲ, ನಗುತ್ತಾರೆ, ಅಷ್ಟೇ. ಆ ನಗುವನ್ನು ಹುಡುಗಿ ಮೊಮ್ಮಕ್ಕಳನ್ನು ಕಾಣುವವರೆಗೂ ಹೊರಬೇಕು.

ಹಡಗು ನಿಲ್ಲುವ ಧಕ್ಕೆಯಲ್ಲಿ ಚೀಟಿ ಕೊಡುವುದನ್ನು ನೀವು ನಿಲ್ಲಿಸಿದ್ದೀರಿ. ಫೋನಿನಲ್ಲಿ ಒತ್ತಿದರೆ ಚಕ್ರ ತಿರುಗಿ ತಿರುಗಿ, ‘ಈ ಪುಟ ನಿಮ್ಮನ್ನು ಅತಿಯಾಗಿ ಅಲೆಸಿದೆ’ ಎಂದು ತಾನೇ ಒಪ್ಪಿಕೊಳ್ಳುತ್ತದೆ. ಕಚೇರಿಯೊಂದು ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದನ್ನು ಈ ಐವತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ.

ಫೋನ್ ಮಾಡಿದೆ. ಇನೋಕೆ ಎಂಬ ನಿಮ್ಮ ಗುಮಾಸ್ತರು ಸಿಕ್ಕರು.

“ಮಾಮ, ತಪ್ಪು ನಿಮ್ಮದಲ್ಲ. ಕ್ಲೌಡಲ್ಲಿ ಹೊಸ ಹೆಬ್ಬಾಗಿಲು ಹಾಕಿದೀವಿ, ಲೋಡ್ ಬ್ಯಾಲೆನ್ಸರ್ ಅಂತ. ನಿಮ್ಮ ಕೋರಿಕೆ ಮೊಹರು ಹಾಕ್ಕೊಂಡು ಬರತ್ತೆ. ಬಾಗಿಲು ಆ ಮೊಹರನ್ನ ಒಡೆದು, ಬರೀ ಕೋರಿಕೆನ ಒಳಗಿರೋ ಎಪಿಐ ಅನ್ನೋ ಪ್ರೋಗ್ರಾಮಿಗೆ ಕೊಡತ್ತೆ. ಜಾಗ ಇದೆಯಾ ಇಲ್ವಾ ಅಂತ ಹೇಳೋದು ಅದೇ.”

“ಏನನ್ನತ್ತೆ ಅದು?”

“ಮೊಹರಿಲ್ಲದ್ದನ್ನ ನಾನು ಮುಟ್ಟಲ್ಲ, ಸುರಕ್ಷಿತ ಬಾಗಿಲಿಂದ ಬಾ ಅನ್ನತ್ತೆ.”

“ಅಲ್ಲಿಂದಲೇ ತಾನೇ ಬಂದಿದ್ದು?”

“ಹೂಂ. ಮತ್ತೆ ಹೋಗತ್ತೆ, ಬಾಗಿಲು ಮತ್ತೆ ಒಡೆಯತ್ತೆ, ಮತ್ತೆ ವಾಪಸ್.”

“ಮೊಹರಿತ್ತು, ನಾನೇ ಒಡೆದೆ ಅಂತ ಬಾಗಿಲು ಒಂದು ಮಾತು ಹೇಳಬಾರದಾ?”

“ಪ್ರತಿ ಸಲ ಹೇಳತ್ತೆ ಮಾಮ. ಅದರ ಮಾತು ಕೇಳು ಅಂತ ಒಳಗಿನದಕ್ಕೆ ನಾವು ಹೇಳಿಲ್ಲ. ಹೇಳೋಕೆ ಸಾಹೇಬ್ರ ಒಪ್ಪಿಗೆ ಬೇಕು. ಅವರ ಪರದೆ ಮೇಲೆ ಎಲ್ಲ ಹಸಿರು, ತೊಂದರೇನೇ ಕಾಣಲ್ಲ. ಚೆನ್ನಾಗಿದೀಯಾ ಅಂತ ಬಾಗಿಲು ಕೇಳ್ತಾನೇ ಇರತ್ತೆ, ಒಳಗಿನದು ಚೆನ್ನಾಗಿದೀನಿ ಅಂತಾನೇ ಇರತ್ತೆ. ನೀವೇ ಸುವಾ ಕೌಂಟರಿಗೆ ಬಂದುಬಿಡಿ.”

“ಯಾವುದರಲ್ಲಿ ಬರಲಪ್ಪಾ, ಹಂದಿ ಮೇಲೆ ಕೂತ್ಕೊಂಡಾ?”

ಮಾನ್ಯರೇ, ನಾನು ನಮ್ಮೂರಿನ ವಕ್ತಾರ. ಹೊರಗಿನವರು ಕಾಣಿಕೆಯಾಗಿ ತಂದ ಕಾವಾ ಬೇರನ್ನು ಬಾಗಿಲಲ್ಲೇ ಪಡೆದು, ‘ಇವರು ಕ್ರಮದಂತೆ ಬಂದಿದ್ದಾರೆ’ ಎಂದು ನಾಯಕರಿಗೆ ತಿಳಿಸುತ್ತೇನೆ. ಅಲ್ಲಿಗೆ ಮುಗಿಯಿತು. ನಿನ್ನ ಕಾವಾ ಬೇರು ಎಲ್ಲಿ ಎಂದು ನಾಯಕರು ಅತಿಥಿಯನ್ನು ಮತ್ತೆ ಕೇಳಿದರೆ ಅವಮಾನ ಅತಿಥಿಗಲ್ಲ, ನನಗೆ. ದಾರಿಹೋಕನೊಬ್ಬ ತಾನೇ ವಕ್ತಾರ ಎಂದರೆ ನಂಬಬೇಡಿ, ಖಂಡಿತ ಬೇಡ. ಆದರೆ ನೀವೇ ನೇಮಿಸಿ ನಿಲ್ಲಿಸಿದ ಬಾಗಿಲನ್ನಾದರೂ ನಂಬಬೇಡವೇ? ನಂಬುವುದಿಲ್ಲವಾದರೆ ಅದನ್ನು ಅಲ್ಲಿ ನಿಲ್ಲಿಸಿದ್ದೇಕೆ, ಗಾಳಿಗೆಂದೇ?

ಬುಧವಾರದೊಳಗೆ ಒಪ್ಪಿಗೆ ಕೊಡಿ. ಹೊಸ ಯಂತ್ರ ಬೇಡ, ಸಮಿತಿಯೂ ಬೇಡ. ಹೆಬ್ಬಾಗಿಲು ಹೇಳಿದ್ದನ್ನು ಕೇಳು ಎಂದು ಒಳಗಿನದಕ್ಕೆ ಒಂದು ಮಾತು ಸಾಕು. ಆಮೇಲೆ ಬಿಡುವಾದಾಗ ನಮ್ಮ ದ್ವೀಪಕ್ಕೆ ಬನ್ನಿ, ಹಡಗಿನಲ್ಲಿ ಜಾಗ ಸಿಕ್ಕರೆ. ಬಾಗಿಲಲ್ಲಿ ನಾನಿರುತ್ತೇನೆ. ಯಾರು, ಏನು ಎಂದು ಒಂದೇ ಸಲ ಕೇಳುತ್ತೇನೆ.

ಇಂತಿ, ನಿಮ್ಮ ಬಾಗಿಲಿಗೂ ಒಳಮನೆಗೂ ನಡುವೆ ಇನ್ನೂ ಸುತ್ತುತ್ತಿರುವ,
ಎರೋನಿ

(ಹಂದಿಯೂ ಕಾಯುತ್ತಿದೆ. ಅದಕ್ಕೇನೂ ಅವಸರವಿದ್ದಂತೆ ಕಾಣುವುದಿಲ್ಲ.)