ಆರಿದ ನೇರಳಾತೀತ ದೀಪ

ಅಪ್ಪ,

ಸೌತೆಕಾಯಿ-ಮೊಸರಿನ ತಣ್ಣನೆ ಸೂಪು, ತರಾತೋರ್, ಫ್ರಿಜ್ಜಿನಲ್ಲಿದೆ. ಬಿ.ಪಿ. ಮಾತ್ರೆ ಮರೆಯಬೇಡಿ.

ನಮ್ಮ ಕಂಪನಿಯ ಕಂಪ್ಯೂಟರ್‌ಗಳನ್ನು ತಂಪಾಗಿಡುವ ನೀರಿನಲ್ಲಿ ರೋಗಾಣು ಕೊಲ್ಲುವ ನೇರಳಾತೀತ ದೀಪ ಮೂರು ವಾರ ಆರಿಯೇ ಇತ್ತು. ಆ ನೀರಿನ ತುಂತುರು ಉಸಿರಿಗೆ ಹೋಗಿ, ನನ್ನ ಜೊತೆ ಕೆಲಸ ಮಾಡುವ ರುಮೆನ್ ನ್ಯುಮೋನಿಯಾ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾನೆ.

ನಿನ್ನೆ ಮ್ಯಾನೇಜರ್, "ದೀಪ ಉರೀತಿತ್ತು ಅಂತ ಸಹಿ ಹಾಕಮ್ಮ. ನೀವು ಅಪ್ಪ-ಮಗಳು ಇರೋ ಮನೆ ಕಂಪನೀದು, ನೆನಪಿರಲಿ" ಅಂದರು. ಆಫೀಸಿನಿಂದ ಫೋನ್ ಮಾಡಿ ಕೇಳಿದರೆ ನೀವೂ, "ಹಾಕು, ನಮಗ್ಯಾಕೆ ಊರ ಉಸಾಬರಿ" ಅಂದಿರಿ. ಹಾಕಿಬಿಟ್ಟೆ.

ಈಗ ರುಮೆನ್ ಹೆಂಡತಿ ಫೋನ್ ಮಾಡಿ, "ಡಾಕ್ಟರು ನೀರಿನ ವಿಷಯ ಕೇಳ್ತಿದ್ದಾರೆ, ನೀನೇ ಬಂದು ಹೇಳು ನೇದಾ" ಅಂದಳು. ಹೇಳಿದರೆ ಈ ಮನೆ ಹೋಗುತ್ತದೆ. ಆದರೂ ಅವಳೆದುರು ಸುಳ್ಳು ಹೇಳಲಾರೆ.

ಆಸ್ಪತ್ರೆಗೆ ಹೊರಟೆ. ನಿಮ್ಮ ಚಳಿಗಾಲದ ಬಟ್ಟೆ ಪೆಟ್ಟಿಗೆಗೆ ತುಂಬಿದ್ದೇನೆ, ಬಿಚ್ಚಬೇಡಿ.

ನೇದಾ