ವಾಡೆಯ ಬಂಡಿ ಎದ್ದಿರಲಿಲ್ಲ

ಆಳಂದ
೨೨ ನವೆಂಬರ್ ೧೯೪೮

ಮೈ ಡಿಯರ್ ಚಂದ್ರಾಮಪ್ಪನಿಗೆ, ಧಾರವಾಡದ ಹಳೆಯ ರೂಮ್‌ಮೇಟ್ ಖಂಡಪ್ಪನ ನಮಸ್ಕಾರ.

ಅಫಜಲಪುರದಿಂದ ನೀನು ಕಳಿಸಿದ ಕಾಗದ ತಲುಪಿತು. ಜೊತೆಗಿಟ್ಟ ಹೇಳಿಕೆಯೂ ತಲುಪಿತು. ಎಲ್ಲವನ್ನೂ ನೀನೇ ಬರೆಸಿದ್ದೀಯ, ಕೆಳಗೆ ನನ್ನ ಸಹಿಗಷ್ಟೇ ಜಾಗ ಬಿಟ್ಟಿದ್ದೀಯ. ಕಾಲೇಜಿನಲ್ಲಿ ಇದು ಉಲ್ಟಾ ಇತ್ತು. ಡಿಬೇಟಿನ ಭಾಷಣ ನಾನು ಬರೆಯುತ್ತಿದ್ದೆ, ನೀನು ಎದ್ದು ನಿಂತು ಹೇಳುತ್ತಿದ್ದೆ. ‘ಮಿಸ್ಟರ್ ಪ್ರೆಸಿಡೆಂಟ್ ಸರ್, ಐ ರೈಜ್ ಟು...’ ಮುಂದೇನು? ಸಪೋರ್ಟ್ ಅಂತಲೋ, ಅಪೋಜ್ ಅಂತಲೋ. ಮರೆತೆ. ನೀನಂತೂ ಎರಡೂ ಕಡೆಯಿಂದ ಚೆನ್ನಾಗಿ ಮಾತಾಡುತ್ತಿದ್ದೆ.

ಕಾಂಗ್ರೆಸ್ಸಿನವರು ನಿಜಾಮರ ಚುನಾವಣೆಯೇ ಬೇಡವೆಂದು ದೂರ ಉಳಿದಾಗ ನೀನು ನಿಂತೆ. ಹೋದ ವರ್ಷ ಹೈದರಾಬಾದಿನ ಅಸೆಂಬ್ಲಿಯಲ್ಲಿ ಹೋಗಿ ಕುಳಿತೆ. ಜನ ಆಡಿಕೊಂಡಾಗ ನಾನು ನಿನ್ನ ಪರ ವಾದಿಸಿದೆ, ಒಳಗೆ ಒಬ್ಬನಾದರೂ ನಮ್ಮವನಿರಲಿ ಎಂದೆ. ಜೇವರ್ಗಿಯಿಂದ ಯಡ್ರಾಮಿಯ ತನಕ ನಿನ್ನ ಜೊತೆ ಅಲೆದೆ. ಮನೆಗೆ ಬಂದರೆ ನನ್ನಾಕೆ ಗುರಮ್ಮ ನಗುತ್ತಿದ್ದಳು: “ಮೆಂಬರ ಅವ್ರೋ, ನೀವೋ? ಮೈಮ್ಯಾಗಿನ ಧೂಳ ನೋಡಿದ್ರ ನೀವೇ ಅನಸ್ತದ.”

ಎಲ್ಲೆಲ್ಲಿಗೋ ಹೋದೆ ನೋಡು. ನಿನ್ನ ಹೇಳಿಕೆಯ ಮಾತಿಗೆ ಬರುತ್ತೇನೆ. ರಜಾಕಾರರು ನಮ್ಮೂರಿಗೆ ಬಿದ್ದ ದಿನ ನೀನು ನಿಮ್ಮ ದೊಡ್ಡಮನೆ ವಾಡೆಯಲ್ಲೇ ಇದ್ದು ಜನರನ್ನು ಕಾಪಾಡಿದೆ ಎಂದು ಅದರಲ್ಲಿದೆ. ಅವರಿಗೆ ದಾರಿ ತೋರಿಸಿದ ಚಾಂದಪಾಶಾನನ್ನು ನೀನು ಕಣ್ಣಾರೆ ಕಂಡೆ ಎಂದೂ ಇದೆ. ಚಾಂದಪಾಶಾ ಎಂದರೆ ನಮ್ಮ ಪಕ್ಕದ ಮನೆಯ ಖಾಸೀಂಬಿಯ ಮಗ, ಊರ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವನು. ನೀನು ಅಂದು ಊರಲ್ಲಿದ್ದೆ ಎಂದು ನಾನು ಸಹಿ ಹಾಕಿದರೆ ನೀನು ಕಂಡದ್ದೂ ನಿಜವಾಗುತ್ತದೆ. ನೀನು ಹೊಸ ಸರ್ಕಾರದಲ್ಲೂ ಮೆಂಬರಾಗುತ್ತೀ, ಅವನು ಗುಲ್ಬರ್ಗಾದ ಜೇಲಿನಲ್ಲಿ ಕೊಳೆಯುತ್ತಾನೆ. ಏನು ಮಾಡಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಊರ ರೂಢಿ ನಿನಗೆ ನಾನು ಹೇಳಬೇಕಿಲ್ಲ. ಪ್ಲೇಗು ಬಂದು ಹೊಲದಲ್ಲಿ ಗುಡಿಸಲು ಹಾಕುವ ಕಾಲದಿಂದಲೂ ಹಾಗೆಯೇ: ಊರು ಬಿಡುವುದಾದರೆ ನಿಮ್ಮ ವಾಡೆಯ ಬಂಡಿ ಮೊದಲು ಊರಬಾಗಿಲ ಅಗಸಿ ದಾಟಬೇಕು, ಉಳಿದವರ ಬಂಡಿ ಅದರ ಹಿಂದೆ. ವಾಡೆಯ ಬಂಡಿ ಅಂಗಳದಲ್ಲಿ ನಿಂತಿದ್ದರೆ ಭಯವಿಲ್ಲ ಎಂದೇ ಅರ್ಥ. ಆಷಾಢದಲ್ಲಿ ಕಿಣ್ಣಿ ಸುಲ್ತಾನದ ಕಡೆಯಿಂದ ಜನ ರಜಾಕಾರರಿಗೆ ಹೆದರಿ ನಿಜಾಮರ ಗಡಿಯಾಚೆಯ ಸೊಲ್ಲಾಪುರದ ಹಾದಿ ಹಿಡಿದಾಗ ನಮ್ಮವರೂ ಗಂಟು ಕಟ್ಟಿದ್ದರು. ನೀನು ನನ್ನ ಹೆಗಲ ಮೇಲೆ ಕೈಯಿಟ್ಟು, “ಖಂಡ್ಯಾ, ನಮ್ಮ ಬಂಡಿ ಅಂಗಳದಾಗ ಇರೋ ತನಕ ಯಾರೂ ಕದಲಬ್ಯಾಡ್ರಿ ಅಂತ ಹೇಳು. ನಿನ್ನ ಮಾತು ಕೇಳ್ತಾರ” ಎಂದೆ. ನಾನು ಮನೆಮನೆಗೆ ಹೋಗಿ ಹೇಳಿದೆ. ಗಂಟು ಬಿಚ್ಚಿದರು.

ಮರುವಾರ ನೀನು ಮೋಟಾರು ತರಿಸಿದೆ. ನಿನಗೆ ಸೆಶನ್ ಇದೆ ಎಂದೆ, ಹೆಂಡತಿ ಮಕ್ಕಳಿಗೆ ಗಾಣಗಾಪುರದಲ್ಲಿ ಹರಕೆ ಇದೆ ಎಂದೆ. ಆ ಮೋಟಾರು ಗಾಣಗಾಪುರಕ್ಕೆ ತಿರುಗುವ ಚೌಡಾಪುರದ ಮುಖವನ್ನೇ ನೋಡಲಿಲ್ಲ, ನೆಟ್ಟಗೆ ಸೊಲ್ಲಾಪುರಕ್ಕೆ ಹೋಯಿತೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಬಂಡಿ ಮಾತ್ರ ಅಂಗಳದಲ್ಲಿತ್ತು. ಎತ್ತುಗಳು ಮೆಲುಕು ಹಾಕುತ್ತ ನಿಂತಿದ್ದವು.

ಗುರಮ್ಮನಿಗೆ ಆಗಲೇ ಜ್ವರ. “ಇವತ್ತಾದ್ರ ನಡೀತೇನಿ, ನಾಳಿ ಆಗೂದಿಲ್ರಿ. ಹೋಗೂಣು ನಡೀರಿ” ಎಂದಳು. ವಾಡೆಯ ಬಂಡಿ ಎದ್ದಿಲ್ಲ ಎಂದೆ. “ಆ ಬಂಡಿ ಬಂದು ನನಗ ಗಂಜಿ ಕುಡಸ್ತದೇನು?” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಶ್ರಾವಣದ ಒಂದು ಮಧ್ಯಾಹ್ನ ಅವರು ಬಂದರು. ನಾನು ಹೊಲದಲ್ಲಿದ್ದೆ, ಊರ ಮೇಲೆ ಹೊಗೆ ಕಂಡು ಓಡಿ ಬರುವಷ್ಟರಲ್ಲಿ ನಮ್ಮ ಮನೆ ಉರಿಯುತ್ತಿತ್ತು. ಚಾಂದಪಾಶಾ ಗುರಮ್ಮನನ್ನು ಹೊತ್ತು ತನ್ನ ಮನೆಯೊಳಗೆ ಮಲಗಿಸಿದ್ದ. ಖಾಸೀಂಬಿ ಹೊಸ್ತಿಲ ಮೇಲೆ ಕುಳಿತು, ಬಂದವರಿಗೆ “ಒಳಗ ನನ್ನ ಸೊಸಿ ಬಾಣಂತಿ ಅದಾಳ. ನನ್ನ ದಾಟಿ ಹೋಗ್ರಿ ನೋಡೂಣು, ನಿಮ್ಮ ತಾಯಿ ಏನ ಕಲಿಸ್ಯಾಳಂತ” ಎಂದು ಅವರದೇ ಉರ್ದುವಿನಲ್ಲಿ ಗದರಿಸಿದಳಂತೆ. ಅವರು ತಲೆ ತಗ್ಗಿಸಿ ಮುಂದಿನ ಮನೆಗೆ ಹೋದರಂತೆ. ಇದನ್ನು ಗುರಮ್ಮನೇ ನನಗೆ ಹೇಳಿದಳು, ಸ್ವಲ್ಪ ನಕ್ಕಳು ಕೂಡ. ಅಮಾವಾಸ್ಯೆಗೆ ಮುಂಚೆ ಹೋಗಿಬಿಟ್ಟಳು. ಕೊನೆಯ ಗುಟುಕು ನೀರು ಖಾಸೀಂಬಿಯ ಕೈಯಿಂದ. ಮಠದ ಅಯ್ಯನವರು ಏನೆಂದಾರು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಈಗ ನಿನಗೆ ಹೇಳಿದೆ.

ಹಿಂದುಸ್ತಾನದ ಸೈನ್ಯ ಬಂದ ಮೇಲೆ ನೀನು ಖಾದಿ ಟೊಪ್ಪಿಗೆ ಹಾಕಿಕೊಂಡು ಊರಿಗೆ ಬಂದೆ. ಸುಟ್ಟ ಮನೆಗಳ ನಡುವೆ ನಿಂತು ನೀನು ಮೊದಲು ಕೇಳಿದ್ದು, “ಎತ್ತು ಉಳದಾವೇನೋ ಖಂಡ್ಯಾ?” ಆಗಲೂ ನಾನು ಹೌದಪ್ಪಾ ಎಂದೆ. ಮರುದಿನವೇ ಚಾಂದಪಾಶಾನನ್ನು ಹಿಡಿದೊಯ್ದರು. ಹೆಸರು ಕೊಟ್ಟವನು ನೀನೆಂದು ಈ ಹೇಳಿಕೆ ಓದಿದಾಗಲೇ ನನಗೆ ಗೊತ್ತಾದದ್ದು.

ನೀನು ಹೆದರಿದೆ, ಹೆಂಡತಿ ಮಕ್ಕಳನ್ನು ದಾಟಿಸಿದೆ. ಅದಕ್ಕೆ ನಾನು ಬೈಯುವುದಿಲ್ಲ, ಯಾರಾದರೂ ಹೆದರುತ್ತಾರೆ. ಆದರೆ ಹೋಗುವಾಗ ಬಂಡಿ ಹೂಡಿಸಿ ಅಗಸಿ ದಾಟಿಸಿದ್ದರೆ ಇಡೀ ಊರು ನಿನ್ನ ಹಿಂದೆ ಬರುತ್ತಿತ್ತು. ಅದೇ ನಿನಗೆ ಬೇಡವಾಗಿತ್ತು. ಊರು ಖಾಲಿಯಾದರೆ, ನಿನ್ನ ಸೀಮೆಯೇ ಓಡಿಹೋಯಿತಲ್ಲ ಎಂದು ಹೈದರಾಬಾದಿನವರು ಕೇಳಿದಾಗ ಆನರಬಲ್ ಮೆಂಬರು ಏನು ಹೇಳಬೇಕು? ನಮ್ಮನ್ನು ನಿನ್ನ ಕುರ್ಚಿಯ ಕಾಲಿಗೆ ಕಟ್ಟಿ ಹೋದೆ. ಕಟ್ಟಿದ ಕೈ ನನ್ನದು, ಹಗ್ಗ ನಿನ್ನದು.

ಹೋದ ವಾರ ಖಾಸೀಂಬಿ, ಸುಟ್ಟ ಮನೆಯಲ್ಲಿ ಉಳಿದ ನನ್ನ ಒಂದು ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಳು. “ಅಣ್ಣಾ, ಸುಳ್ಳು ಹೇಳ್ರಿ ಅನ್ನಾಕ ಬಂದಿಲ್ಲ. ಆಗಿದ್ದು ಹೇಳ್ರಿ, ಅಷ್ಟೇ” ಎಂದಳು. ಒಳಗೆ ಬಾ ಎನ್ನುವಷ್ಟರಲ್ಲಿ ಹೊರಟೇ ಹೋದಳು.

ಕಣ್ಣು ಮಂಜಾಗಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಮಕ್ಕಳಿಗೆ ಆಶೀರ್ವಾದ. ಅವರದೇನೂ ತಪ್ಪಿಲ್ಲ.

ಇನ್ನು ನಿನ್ನ ಭಾಷಣ ಬರೆಯದ,
ಖಂಡಪ್ಪ

ತಾ.ಕ.: ಯೋಚಿಸುತ್ತಿದ್ದೇನೆ ಎಂದು ಮೇಲೆ ಬರೆದದ್ದು ನಿಜವಲ್ಲ. ಶುಕ್ರವಾರವೇ ಗುಲ್ಬರ್ಗಾಕ್ಕೆ ಹೋಗಿ, ಮಿಲಿಟರಿ ಸಾಹೇಬರ ಮುಂದೆ ನಿಂತು, ಕನ್ನಡ ತಿಳಿಯದ ಕಡೆ ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿ ಬಂದೆ. ನೀನು ಸಿಟ್ಟಿನಿಂದ ಊರಿಗೆ ಬರುವುದಾದರೆ ನಾನು ಖಾಸೀಂಬಿಯ ಮನೆಯಲ್ಲಿ ಸಿಗುತ್ತೇನೆ, ಊಟ ಅಲ್ಲೇ. ಈ ಕಾಗದವನ್ನು ಅಂಚೆಗೆ ಹಾಕಲು ಹೊರಗೆ ಕಾಯುತ್ತ ನಿಂತಿರುವವನು ಚಾಂದಪಾಶಾ.