ಬೇವು ಕಿತ್ತ ಅಧಿಕಾರಿಗೆ, ಬೇವು ಕಟ್ಟಿದ ಗೇಟಿನ ಹೊರಗಿನಿಂದ

ಮಾನ್ಯ ನಗರಸಭೆಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಬಂಗಲೆಯ ಗೇಟಿನಲ್ಲಿ ಮೊನ್ನೆಯಿಂದ ಬೇವಿನ ಸೊಪ್ಪು ನೇತಾಡುತ್ತಿದೆ ಎಂದು ಹಾಲಿನವನು ಹೇಳಿದಾಗ ನಾನು ನಂಬಲಿಲ್ಲ. ಹೋದ ವಾರವಷ್ಟೇ ನಮ್ಮ ಬೀದಿಯ ಮನೆಯೊಂದರ ಬಾಗಿಲಿನಿಂದ ಬೇವು ಕಿತ್ತೆಸೆದು, 'ಮೂಢನಂಬಿಕೆ ಮುಕ್ತ ಬೀದಿ' ಎಂದು ಫಲಕ ನೆಟ್ಟು, ಫೋಟೊ ತೆಗೆಸಿಕೊಂಡು ಹೋದವರು ನೀವಲ್ಲವೇ? ಅನುಮಾನ ಪರಿಹಾರಕ್ಕೆಂದು ಖುದ್ದಾಗಿ ಬಂದು ನೋಡಿದೆ. ನಿಜ. ಸೊಪ್ಪು ತಾಜಾ ಇದೆ, ನಿಮ್ಮ ಅತ್ತೆಯವರು ಹಾಕಿದ ಗಂಟೂ ಭದ್ರವಾಗಿದೆ. ಆ ಬೇವಿನ ಬಗ್ಗೆ ನನ್ನ ತಕರಾರಿಲ್ಲ. ಅದರ ಹಿಂದೆ ತಾವು ಅವಿತು ಕುಳಿತಿರುವುದರಿಂದ ನನ್ನ ತುಂಬು ಗರ್ಭಿಣಿ ತಂಗಿಗೆ ಸಿಗಬೇಕಾದ ಇಂಜೆಕ್ಷನ್ ನಿಂತುಹೋಗಿದೆ. ತಕರಾರು ಅದು.

ನಾನು ಯಾರೆಂದರೆ, ಬಸ್ ನಿಲ್ದಾಣದ ಎದುರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಟೀಚರ್. ತಮ್ಮ ಮೇಜಿನ ಮೇಲೆ ಧೂಳು ತಿನ್ನುತ್ತಿರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ನಾನೇ ಟೈಪು ಮಾಡಿದ್ದು. ಅವುಗಳ ಗತಿ ಗೊತ್ತಿರುವುದರಿಂದಲೇ ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ.

ನಡೆದದ್ದು ತಮಗೆ ನೆನಪಿರಬಹುದು, ಫೋಟೊ ಅಂತೂ ಇದ್ದೇ ಇದೆ. ನಮ್ಮ ಪಕ್ಕದ ಮನೆಯ ಮುತ್ತಳಗುವಿನ ಮಗ ಕವಿನ್‌ಗೆ, ನೀವು ಚಿಕನ್ ಪಾಕ್ಸ್ ಎಂದೂ ನಾವು ಅಮ್ಮ ಬಂದಿದ್ದಾಳೆ ಎಂದೂ ಹೇಳುವ ಕಾಯಿಲೆ ಬಂತು. ಮುತ್ತಳಗು ಪದ್ಧತಿಯಂತೆ ಬಾಗಿಲಿಗೆ ಬೇವು ಸಿಕ್ಕಿಸಿದಳು. ಅಷ್ಟಾದರೆ ಮುಗಿಯಿತು. ಹಾಲಿನವನು ಹಾಲನ್ನು ಜಗಲಿಯ ಮೇಲಿಟ್ಟು ಹೋಗುತ್ತಾನೆ. ಹೂವಿನವಳು ಕೂಗದೆ ದಾಟುತ್ತಾಳೆ. ವೋಟು ಕೇಳುವವರು ಸಹ ಎದುರು ಮನೆಗೆ ಮಾತ್ರ ಕೈಮುಗಿಯುತ್ತಾರೆ. ಆ ಮನೆಯವರೂ ಕಡೆಯ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿ, ತಲೆಗೆ ನೀರು ಹಾಕುವವರೆಗೆ ಯಾರ ಹೊಸ್ತಿಲನ್ನೂ ತುಳಿಯುವುದಿಲ್ಲ. ಬೇವು ವೈರಾಣುವನ್ನು ಕೊಲ್ಲುತ್ತದೆಂದು ನಾನು ಹೇಳುತ್ತಿಲ್ಲ ಸ್ವಾಮಿ. ಜ್ವರಕ್ಕೆ ಮಾತ್ರೆ ಕೊಡಬಾರದು, ಅಮ್ಮ ಮುನಿಯುತ್ತಾಳೆ ಎನ್ನುವ ನನ್ನ ತಾಯಿಯೊಂದಿಗೆ ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಆದರೆ ಉಸಿರಿನಿಂದ, ಕೆಮ್ಮಿನಿಂದ, ಗುಳ್ಳೆಯ ನೀರಿನಿಂದ ಹರಡುವ ಕಾಯಿಲೆಗೆ ಜನರನ್ನು ದೂರವಿಡುವುದೇ ಮೊದಲ ಮದ್ದು ಎಂದು ನಿಮ್ಮ ಕರಪತ್ರವೇ ಹೇಳುತ್ತದೆ. ಅಕ್ಷರ ಬಾರದವರನ್ನೂ ದೂರವಿಡುವ ಬೋರ್ಡು ನಮ್ಮ ಬಳಿ ಮೊದಲೇ ಇತ್ತು. ತಾವು ಬಂದು ಅದನ್ನು ಕಿತ್ತಿರಿ.

ಕಿತ್ತು ಸುಮ್ಮನಿದ್ದಿರಾ? ಅದರ ಜಾಗದಲ್ಲಿ ಅಂಗೈಯಗಲದ ಸೂಚನಾಪತ್ರ ಅಂಟಿಸಿದಿರಿ. 'ಸೋಂಕಿತರಿಂದ ಅಂತರ ಕಾಪಾಡಿ' ಎಂಬ ಆ ಇರುವೆ ಅಕ್ಷರಗಳನ್ನು ಓದಬೇಕಾದರೆ ಬಾಗಿಲಿಗೆ ಮೂಗು ತಾಗಿಸಬೇಕು. ಅದುವರೆಗೆ ದೂರದಲ್ಲಿದ್ದ ಬೀದಿಯೆಲ್ಲ ಅದರಲ್ಲಿ ಏನಿದೆ ಎಂದು ನೋಡಲು ಮುತ್ತಳಗುವಿನ ಮೆಟ್ಟಿಲು ಹತ್ತಿತು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಎಲ್ಲರನ್ನೂ ಹತ್ತಿರ ಕರೆದು ಗಟ್ಟಿಯಾಗಿ ಓದಿ ಹೇಳಿದರು. ಅಂತರ ಕಾಪಾಡುವ ವಿಷಯದಲ್ಲಿ ಅಷ್ಟು ಜನ ಅಷ್ಟು ಹತ್ತಿರ ನಿಂತದ್ದನ್ನು ನಾನು ನೋಡಿರಲಿಲ್ಲ. ತಾವಾದರೋ ಕವಿನ್‌ನನ್ನು ಹೊರಗೆ ಕರೆಸಿ, 'ಧೈರ್ಯವಂತ ಬಾಲಕ' ಎಂದು ಕೆನ್ನೆಗೆ ಕೆನ್ನೆ ತಾಗಿಸಿ ಫೋಟೊಗೆ ನಿಂತಿರಿ. ಪತ್ರಿಕೆಯಲ್ಲಿ ಅದನ್ನು ನೋಡಿದ ನಿಮ್ಮ ತಾಯಿಯವರು ಊರಿನಿಂದ ಫೋನು ಮಾಡಿ, ನಿನಗೆ ಚಿಕ್ಕಂದಿನಲ್ಲಿ ಅದು ಬಂದೇ ಇಲ್ಲವಲ್ಲೋ ಎಂದರಂತೆ. ಅದಾದ ಮೇಲೆ ತಾವು ರಜೆ, ಫೋನು ಬಂದ್, ಗೇಟಿಗೆ ಬೇವು. ಗುಳ್ಳೆ ಏಳುವ ಮೊದಲೇ ಕಾಯಿಲೆ ಹರಡಬಲ್ಲದಾದ್ದರಿಂದ ತಾವು ಒಳಗಿರುವುದು ಸರಿ. ಮೂಢನಂಬಿಕೆಗೆ ತಾವೂ ಇಷ್ಟು ಬೇಗ ಒಲಿದದ್ದಕ್ಕೆ ಬೀದಿಯ ಪರವಾಗಿ ಅಭಿನಂದನೆ.

ಇನ್ನು ನಗುವ ಮಾತಲ್ಲ. ತಾವು ಬಂದುಹೋದ ದಿನವೇ ಸಂಜೆ ನನ್ನ ತಂಗಿ ಪೂಂಗೊಡಿ ಹೆರಿಗೆಗೆಂದು ತಿರುಚ್ಚಿಯ ಬಸ್ಸಿನಿಂದ ಇಳಿದಳು. ನಮ್ಮ ಮನೆಗಿಂತ ಮೊದಲು ಸಿಗುವುದು ಮುತ್ತಳಗುವಿನ ಮನೆ. ಕತ್ತಲಾಗುತ್ತಿತ್ತು, ಕರೆಂಟು ಇರಲಿಲ್ಲ, ಬಾಗಿಲಿನಲ್ಲಿ ಬೇವೂ ಇರಲಿಲ್ಲ. ತಂದಿದ್ದ ಚಕ್ಕುಲಿ ಕೊಟ್ಟು ಬರೋಣವೆಂದು ಒಳಗೆ ಹೋದಳು. ಕವಿನ್ ಓಡಿ ಬಂದು ಅವಳ ಹೊಟ್ಟೆಗೆ ಕಿವಿಯಿಟ್ಟು, "ಅತ್ತೆ, ಪಾಪು ಒಳಗೆ ಏನ್ ಮಾಡ್ತಿದೆ?" ಎಂದು ಕೇಳಿದನಂತೆ. ಅವನನ್ನು ತೊಡೆಗೆ ಒರಗಿಸಿಕೊಂಡು ಕುಳಿತಳಂತೆ. ಹಿತ್ತಿಲಿನಿಂದ ಮುತ್ತಳಗು ದೀಪ ತಂದಾಗಲೇ ಮಗುವಿನ ಮುಖದ ಗುಳ್ಳೆಗಳು ಕಂಡದ್ದು.

"ಬಾಗಿಲಲ್ಲಿ ಏನೂ ಇರ್ಲಿಲ್ವಲ್ಲ ಅಕ್ಕಾ. ಇದ್ದಿದ್ರೆ ನಾನ್ಯಾಕೆ ಹೋಗ್ತಿದ್ದೆ?" ಎಂದು ಅವಳು ಆವತ್ತಿನಿಂದ ಕೇಳುತ್ತಲೇ ಇದ್ದಾಳೆ. ಅದನ್ನೇ ತಮಗೆ ದಾಟಿಸುತ್ತಿದ್ದೇನೆ. ನಿಮ್ಮ ಬಳಿ ಉತ್ತರ ಇದೆಯೇ?

ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಇವಳಲ್ಲಿ ಈ ಕಾಯಿಲೆಯನ್ನು ತಡೆಯುವ ಶಕ್ತಿ ಇಲ್ಲವೆಂದರು. ಮಕ್ಕಳಿಗಾದರೆ ಜ್ವರ, ತುರಿಕೆ, ಕೆಲವು ಕಲೆ, ಅಷ್ಟೆ. ಬಸುರಿಗೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. ಹೆರಿಗೆಯ ಆಸುಪಾಸಿನಲ್ಲಿ ಬಂದರೆ ಕೂಸಿನ ಜೀವಕ್ಕೇ ಕುತ್ತು. ಒಳಹೊಕ್ಕ ವೈರಾಣು ಮೈಮೇಲೆ ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು, ಇವಳ ಹೆರಿಗೆಯೂ ಅದೇ ಹೊತ್ತಿಗೆ. ಗರ್ಭಿಣಿಗೆ ಇದರ ಲಸಿಕೆ ಹಾಕುವಂತಿಲ್ಲ. ರೋಗ ತಡೆಯುವ ಶಕ್ತಿಯನ್ನೇ ಸಿದ್ಧವಾಗಿ ಮೈಗೆ ಸೇರಿಸುವ ಇಂಜೆಕ್ಷನ್ ಒಂದಿದೆ. ರೋಗಿಯನ್ನು ಮುಟ್ಟಿದ ಹತ್ತು ದಿನದೊಳಗೆ, ಆದಷ್ಟು ಬೇಗ ಕೊಡಬೇಕು. ಅದು ಜಿಲ್ಲಾ ಉಗ್ರಾಣದಲ್ಲಿದೆ, ಹೊರಗೆ ಬರಲು ತಮ್ಮ ರುಜು ಬೇಕು.

ಕಾಗದ ಹಿಡಿದು ಹೊರಟ ನಿಮ್ಮ ಜವಾನ ದುರೈಪಾಂಡಿ ಎರಡು ಸಲ ಗೇಟಿನಿಂದಲೇ ವಾಪಸು ಬಂದ. ಯಾಕಪ್ಪಾ ಎಂದರೆ, "ಬೇವು ಕಟ್ಟವ್ರೆ ಟೀಚರ್. ಬೇವಿರೋ ಮನೆಗೆ ಹೆಂಗೆ ನುಗ್ಗಲಿ? ನಮ್ಮನೇಲೂ ಕೂಸದೆ. ಬೇಕಾದ್ರೆ ಸಾಹೇಬ್ರೇ ಬಂದು ಕೀಳಲಿ, ಅವ್ರಿಗೆ ಅಭ್ಯಾಸ ಅದೆ" ಎಂದ. ಕೂಸಿರುವ ಮನೆಯವನು, ಮಾಡಿದ್ದು ಸರಿ.

ಬೀದಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿಸಿ, ಓದಲು ಬರುವಷ್ಟು ದೊಡ್ಡ ಅಕ್ಷರದ ಬೋರ್ಡು ಮಾಡಿಸಿ ಎಂದೆಲ್ಲ ಕೇಳುವುದಿದೆ, ಅದಕ್ಕೆ ಬೇರೆ ಅರ್ಜಿ ಟೈಪು ಮಾಡುತ್ತೇನೆ. ಇವತ್ತು ಕೇಳುವುದು ಒಂದೇ ರುಜು. ತಾವು ಹೊರಗೆ ಬರಬೇಡಿ, ಬೇವನ್ನೂ ಕೀಳಬೇಡಿ. ಈ ಪತ್ರ ಅಚ್ಚಾಗಿ ತಮ್ಮ ಕೈ ಸೇರುವ ಬೆಳಿಗ್ಗೆ ಕಾಗದ, ಪೆನ್ನು ಹಿಡಿದು ನಾನೇ ನಿಮ್ಮ ಗೇಟಿನಲ್ಲಿ ಇರುತ್ತೇನೆ. ನನಗೆ ಇದು ಏಳನೆಯ ವಯಸ್ಸಿನಲ್ಲೇ ಬಂದುಹೋಗಿದೆ. ಆಗ ಅಪ್ಪ ನಮ್ಮ ಬಾಗಿಲಿಗೆ ಬೇವು ಕಟ್ಟಿ, ತೊಟ್ಟಿಲ ಕೂಸಾಗಿದ್ದ ಪೂಂಗೊಡಿಯನ್ನು ಚಿಕ್ಕಮ್ಮನ ಮನೆಗೆ ಸಾಗಿಸಿದ್ದರು. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದು ತಮ್ಮ ಕರಪತ್ರದಲ್ಲೇ ಇದೆ. ಆದ್ದರಿಂದ ಈ ಊರಿನಲ್ಲಿ ನಿಮ್ಮ ಬೇವನ್ನು ದಾಟಿ ಒಳಗೆ ಬರಲು ಹೆದರದ ಹೆಂಗಸು ನಾನು. ಬಾಗಿಲು ತೆಗೆದಿಡಿ.

ಇಂತಿ,
ಹಣೆಯ ಮೇಲೆ ಎರಡು ಹಳೆಯ ಕಲೆಗಳುಳ್ಳ,
ತಿಲಕವತಿ